ಸರ್ವೇಯರ್ ಬಂದು ಹೋಗಿ ಮೂರು ತಿಂಗಳು: ಮನೆ ವಿಮೆಯ ದುಡ್ಡು ಬರದಿದ್ದರೆ ಏನು ಮಾಡಬೇಕು?

ಪ್ರಶ್ನೆ: ಏಪ್ರಿಲ್ ಕೊನೆಯ ಗಾಳಿಮಳೆಗೆ ನಮ್ಮ ಮನೆ ಮೇಲೆ ತೆಂಗಿನ ಮರ ಬಿತ್ತು. ಹಿಂಭಾಗದ ಹೆಂಚು, ಪಕಾಸಿ ಎಲ್ಲ ಮುರಿದವು. ಮನೆಗೆ ವಿಮೆ ಇದೆ. ಮಾರನೇ ದಿನವೇ ಕಂಪನಿಗೆ ತಿಳಿಸಿದೆವು. ಸರ್ವೇಯರ್ ಬಂದು ಫೋಟೊ ತೆಗೆದುಕೊಂಡು ಹೋದರು. ಆಮೇಲೆ ಮೂರು ತಿಂಗಳಾಯ್ತು, ದುಡ್ಡೂ ಇಲ್ಲ, ಕೊಡೋದಿಲ್ಲ ಅಂತಲೂ ಹೇಳ್ತಿಲ್ಲ. ಫೋನ್ ಮಾಡಿದರೆ ‘ಪ್ರೊಸೆಸ್‌ನಲ್ಲಿದೆ’ ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ಫೋನ್ ಮಾಡುವುದನ್ನು ನಿಲ್ಲಿಸಿ, ಬರೆಯಲು ಶುರು ಮಾಡಿ. ಅಪ್ಪನ ಮನೆಯ ಶೀಟು ಗಾಳಿಗೆ ಹಾರಿಹೋದಾಗ ನಾನೂ ಎರಡು ತಿಂಗಳು ಫೋನಿನಲ್ಲೇ ಕಳೆದಿದ್ದೆ. ಪ್ರತಿ ಸಲ ಬೇರೆಯವರ ದನಿ, ಅದೇ ಮಾತು. ಕೊನೆಗೆ ದೂರು ಕೊಡೋಣ ಅಂದರೆ ನನ್ನ ಕೈಯಲ್ಲಿ ತೋರಿಸುವುದಕ್ಕೆ ಒಂದು ಚೀಟಿಯೂ ಇರಲಿಲ್ಲ.

ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಇದಕ್ಕೆಲ್ಲ ಗಡುವು ಹಾಕಿದೆ. ಕ್ಲೇಮ್ ತಿಳಿಸಿದ 24 ಗಂಟೆಯಲ್ಲಿ ಸರ್ವೇಯರ್ ನೇಮಕ ಆಗಬೇಕು. 15 ದಿನದಲ್ಲಿ ಅವರ ವರದಿ ಕಂಪನಿಗೆ ಸೇರಬೇಕು. ವರದಿ ಸಿಕ್ಕಿ 7 ದಿನದೊಳಗೆ ಕೊಡುತ್ತೇವೋ ಇಲ್ಲವೋ ಎಂದು ಕಂಪನಿ ತೀರ್ಮಾನಿಸಬೇಕು. ಕೂಡಿಸಿದರೆ ಒಂದು ತಿಂಗಳೂ ಆಗಲ್ಲ. ಕಂಪನಿಯೇ ತಡ ಮಾಡಿದ್ದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೇಲೆ ಶೇ 2 ಸೇರಿಸಿ ಬಡ್ಡಿಯನ್ನೂ ಕೊಡಬೇಕು. ಬಡ್ಡಿಯನ್ನು ಅವರಾಗಿಯೇ ಕೊಡಲಿ ಅಂತ ಕಾಯಬೇಡಿ, ನೀವೇ ಬರೆದು ಕೇಳಿ.

ಕಂಪನಿಯ ಕುಂದುಕೊರತೆ ಅಧಿಕಾರಿಗೆ ಒಂದು ಇಮೇಲ್ ಹಾಕಿ. ವಿಳಾಸ ಪಾಲಿಸಿಯ ಕೊನೆಯ ಪುಟಗಳಲ್ಲಿ ಎಲ್ಲೋ ಸಣ್ಣಕ್ಷರದಲ್ಲಿ ಇರುತ್ತದೆ, ಹುಡುಕಿ. ಪಾಲಿಸಿ ನಂಬರ್, ಕ್ಲೇಮ್ ನಂಬರ್, ಮರ ಬಿದ್ದ ದಿನ, ತಿಳಿಸಿದ ದಿನ, ಸರ್ವೇಯರ್ ಬಂದ ದಿನ ಬರೆಯಿರಿ. ಬೇಸರ, ಸಿಟ್ಟು ಎಲ್ಲ ಬೇಡ. ಸರ್ವೇಯರ್ ವರದಿ ಯಾವತ್ತು ಬಂತು, ಅದರ ಪ್ರತಿ ಕೊಡಿ, ನಿಮ್ಮ ತೀರ್ಮಾನ ಏನೆಂದು ಬರವಣಿಗೆಯಲ್ಲಿ ತಿಳಿಸಿ. ಇಷ್ಟೇ ಕೇಳಿ.

ಆ ಪ್ರತಿಗೆ ಯಾಕಿಷ್ಟು ಒತ್ತಾಯ ಅಂದರೆ, ಜಗಳದ ಬೇರು ಹೆಚ್ಚಾಗಿ ಅಲ್ಲೇ ಇರುತ್ತದೆ. ‘ಪಕಾಸಿ ಮೊದಲೇ ಗೆದ್ದಲು ಹಿಡಿದಿತ್ತು’, ‘ಸೋರಿಕೆ ಹಳೆಯದು’ ಅಂತ ಒಂದು ಸಾಲು ಇದ್ದರೆ ಸಾಕು. ಗಾಳಿಮಳೆಯ ಹಾನಿಗೆ ವಿಮೆ ಇದೆ, ಸವಕಳಿಗೆ ಇಲ್ಲ. ಹಾಗಾಗಿ ಹಾನಿ ಆ ದಿನದ ಗಾಳಿಯಿಂದಲೇ ಆಯಿತು ಎಂದು ತೋರಿಸುವ ಕಾಗದ ನಿಮ್ಮ ಹತ್ತಿರ ಇರಬೇಕು. ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕಿದ್ದಿರಾ? ಹಾಗಿದ್ದರೆ ಗ್ರಾಮ ಆಡಳಿತಾಧಿಕಾರಿ, ಅದೇ ಹಿಂದಿನ ಗ್ರಾಮ ಲೆಕ್ಕಿಗರು, ಬರೆದ ಪಂಚನಾಮೆ ಇರುತ್ತದೆ. ಅದು ಚಿನ್ನದಂಥ ದಾಖಲೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ. ಆ ದಿನದ ಮಳೆ ಲೆಕ್ಕ ಅಲ್ಲಿ ಕೇಳಬಹುದು. ಮರ ಬಿದ್ದ ಸುದ್ದಿ ಪತ್ರಿಕೆಯಲ್ಲಿ ಬಂದಿದ್ದರೆ ಆ ತುಣುಕನ್ನೂ ಕತ್ತರಿಸಿ ಇಟ್ಟುಕೊಳ್ಳಿ. ಮೇಸ್ತ್ರಿಯ ಅಂದಾಜು ಪಟ್ಟಿ, ಟಾರ್ಪಾಲಿನ ಬಿಲ್ಲು, ಮರ ಕಡಿಸಿದ ಕೂಲಿ ಯಾವುದನ್ನೂ ಬಿಸಾಡಬೇಡಿ.

ಇನ್ನೊಂದು ಮಾತು. ನಿಮ್ಮದು ‘ಭಾರತ್ ಗೃಹ ರಕ್ಷಾ’ ಪಾಲಿಸಿಯಾ ನೋಡಿ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರುತ್ತಿರುವ ಒಂದೇ ಮಾದರಿಯ ಪಾಲಿಸಿ ಇದು. ಇದರಲ್ಲಿ ‘ಮನೆ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ’ ಎಂದು ಪರಿಹಾರವನ್ನು ಅದೇ ಪ್ರಮಾಣದಲ್ಲಿ ಕತ್ತರಿಸುವಂತಿಲ್ಲ. ಬಿದ್ದ ಅವಶೇಷ ತೆಗೆಸಿದ ಖರ್ಚು ಕ್ಲೇಮ್ ಮೊತ್ತದ ಶೇ 2ರವರೆಗೆ ಸಿಗುತ್ತದೆ. ಇದನ್ನು ಕೇಳದೆ ಬಿಟ್ಟವರೇ ಜಾಸ್ತಿ.

ದೂರಿಗೆ ಎರಡು ವಾರದಲ್ಲಿ ಉತ್ತರ ಬರಬೇಕು. ಬರದಿದ್ದರೆ ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲಿ ದಾಖಲಿಸಿ. 155255ಕ್ಕೆ ಕರೆ ಮಾಡಿಯೂ ದಾಖಲಿಸಬಹುದು, ಫೋನ್ ಅಂದರೆ ಇದೊಂದಕ್ಕೆ ಮಾತ್ರ ನನ್ನ ಒಪ್ಪಿಗೆ! ಅಲ್ಲಿ ಯಾರೂ ತೀರ್ಪು ಕೊಡುವುದಿಲ್ಲ, ಆದರೆ ಕಂಪನಿಯ ಮೇಲೆ ಒಂದು ಕಣ್ಣು ಬೀಳುತ್ತದೆ.

ತೀರ್ಪು ಬೇಕೆಂದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ, ಅವರ ಹತ್ತಿರ ಹೋಗಬೇಕು. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಕಚೇರಿ ಇದೆ. ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಇಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಆಮೇಲೆ ಒಂದು ವರ್ಷದೊಳಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಅವರ ಆದೇಶವನ್ನು ಕಂಪನಿ ಪಾಲಿಸಲೇಬೇಕು, ನಿಮಗೆ ಹಿಡಿಸದಿದ್ದರೆ ನೀವು ಒಪ್ಪಬೇಕಾಗಿಲ್ಲ. ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ಇದೆ, ಅದಕ್ಕೆ ಎರಡು ವರ್ಷದ ಗಡುವು. ಆದರೆ ಅಲ್ಲಿ ಕೇಸು ನಡೆಯುತ್ತಿರುವಾಗ ಓಂಬುಡ್ಸ್‌ಮನ್ ನಿಮ್ಮ ದೂರನ್ನು ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಮೊದಲು ಓಂಬುಡ್ಸ್‌ಮನ್ ಅಂತ ನನ್ನ ಸಲಹೆ.

ಈ ನಡುವೆ ಕಂಪನಿ ಅರ್ಧಂಬರ್ಧ ದುಡ್ಡು ಕೊಟ್ಟು ‘ಪೂರ್ತಿ ಮತ್ತು ಅಂತಿಮ’ ಎಂಬ ವೋಚರ್‌ಗೆ ಸಹಿ ಕೇಳಬಹುದು. ಸಹಿ ಹಾಕಿದಿರಿ ಅನ್ನುವ ಒಂದೇ ಕಾರಣಕ್ಕೆ ಹೆಚ್ಚು ಕೇಳುವ ಹಕ್ಕು ಹೋಗುವುದಿಲ್ಲ ಎಂದು ಐಆರ್‌ಡಿಎಐ 2015ರಲ್ಲೇ ಹೇಳಿದೆ. ಆದರೂ ಈ ಮೊತ್ತ ನನಗೆ ಒಪ್ಪಿಗೆ ಇಲ್ಲ ಎಂದು ಅದೇ ದಿನ ಒಂದು ಇಮೇಲ್ ಹಾಕಿಬಿಡಿ.

ಅಂದಹಾಗೆ, ಮನೆ ಮೇಲೆ ಸಾಲ ಇದೆಯಾ? ಇದ್ದರೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರಬಹುದು, ಆಗ ಪರಿಹಾರ ನೇರವಾಗಿ ಬ್ಯಾಂಕಿಗೆ ಹೋಗುತ್ತದೆ. ಇಮೇಲ್ ಬರೆಯುವ ಮೊದಲು ಸಾಲದ ಖಾತೆಯ ಸ್ಟೇಟ್‌ಮೆಂಟ್ ಒಂದು ಸಲ ತೆಗೆಸಿ ನೋಡಿ.