ಮಧ್ಯಮ ಬೆಲೆಯ ಪಿಸ್ತೂಲನ್ನು ಅಳೆಯುವುದು ಹೇಗೆ? ಗುಣಮಟ್ಟ ಒಂದು, ಭರವಸೆ ಇನ್ನೊಂದು

ಸೆಮಿ-ಆಟೋಮ್ಯಾಟಿಕ್ ಪಿಸ್ತೂಲುಗಳ ಬಗ್ಗೆ ಓದಲು ಶುರು ಮಾಡಿದಾಗ ಗುಣಮಟ್ಟ, ಭರವಸೆ ಎರಡೂ ಒಂದೇ ಅಂದುಕೊಂಡಿದ್ದೆ. ಹಾಗಲ್ಲ. ಗುಣಮಟ್ಟ ಅಂದರೆ ಅದನ್ನು ಹೇಗೆ ಮಾಡಿದ್ದಾರೆ ಅನ್ನುವುದು. ಯಾವ ಉಕ್ಕು, ಎಷ್ಟು ನಯವಾದ ಕೆಲಸ, ಮೇಲೆ ಯಾವ ಲೇಪ. ಭರವಸೆ ಅಂದರೆ ಟ್ರಿಗರ್ ಎಳೆದಾಗಲೆಲ್ಲ ಗುಂಡು ಹಾರುತ್ತದಾ, ಮುಂದಿನದು ತಾನಾಗಿ ಬಂದು ಕೂರುತ್ತದಾ ಅನ್ನುವುದು. ಮಧ್ಯಮ ಬೆಲೆಯ ಪಿಸ್ತೂಲಿನಲ್ಲಿ ಇವೆರಡೂ ಯಾವಾಗಲೂ ಜೊತೆಗೇ ಬರುವುದಿಲ್ಲ. ಅದಕ್ಕೇ ಬೇರೆ ಬೇರೆಯಾಗಿ ಅಳೆಯೋಣ.

ಮೊದಲು ಒಂದು ಸುತ್ತಿನ ಕೆಲಸ ಅರ್ಥ ಮಾಡಿಕೊಳ್ಳಿ. ಗುಂಡು ಮುಂದಕ್ಕೆ ಹೋದ ಒತ್ತಡಕ್ಕೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಹಿಂದಕ್ಕೆ ಸರಿಯುತ್ತದೆ. ಎಕ್ಸ್‌ಟ್ರಾಕ್ಟರ್ ಅನ್ನುವ ಪುಟ್ಟ ಕೊಕ್ಕೆ ಖಾಲಿ ಕೇಸನ್ನು (ಮದ್ದು ಉರಿದ ಮೇಲೆ ಉಳಿಯುವ ಲೋಹದ ಕವಚ) ಚೇಂಬರಿನಿಂದ, ಅಂದರೆ ಬ್ಯಾರೆಲಿನ ಹಿಂತುದಿಯ ಗೂಡಿನಿಂದ, ಎಳೆಯುತ್ತದೆ. ಕೇಸ್ ಈಜೆಕ್ಟರಿಗೆ ಬಡಿದು ಹೊರಗೆ ಹಾರುತ್ತದೆ. ಆಮೇಲೆ ರಿಕಾಯಿಲ್ ಸ್ಪ್ರಿಂಗ್ ಸ್ಲೈಡನ್ನು ಮುಂದಕ್ಕೆ ತಳ್ಳುತ್ತದೆ. ಸ್ಲೈಡ್ ಮ್ಯಾಗಜೀನಿನ (ಹಿಡಿಯೊಳಗೆ ಕೂರುವ ಗುಂಡುಗಳ ಪೆಟ್ಟಿಗೆ) ಮೇಲಿನ ಗುಂಡನ್ನು ನೂಕಿಕೊಂಡು ಹೋಗಿ ಚೇಂಬರಿನಲ್ಲಿ ಕೂರಿಸುತ್ತದೆ. ಇಂದಿನ ಬಹುತೇಕ 9 ಎಂಎಂ ಪಿಸ್ತೂಲುಗಳು ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ ಲಾಕ್ ಪದ್ಧತಿಯನ್ನೇ ಅನುಸರಿಸುತ್ತವೆ. ಬ್ಯಾರೆಲ್ ಮತ್ತು ಸ್ಲೈಡ್ ಸ್ವಲ್ಪ ದೂರ ಒಟ್ಟಿಗೆ ಹಿಂದೆ ಬರುತ್ತವೆ. ಆಮೇಲೆ ಬ್ಯಾರೆಲಿನ ಹಿಂಭಾಗ ಕೆಳಗೆ ಬಾಗಿ ಎರಡೂ ಬಿಡಿಸಿಕೊಳ್ಳುತ್ತವೆ.

ಈಗ ಬೆಲೆ ಎಲ್ಲಿ ಇಳಿಯುತ್ತದೆ ನೋಡೋಣ. ಪ್ಲಾಸ್ಟಿಕ್ ಫ್ರೇಮ್ (ಹಿಡಿಯಿರುವ ಕೆಳಭಾಗ) ಕಂಡರೆ ಅಗ್ಗದ ಮಾಲು ಅನ್ನುವವರಿದ್ದಾರೆ. ಅದು ತಪ್ಪು. ಹೆಕ್ಲರ್ ಅಂಡ್ ಕಾಖ್ 1970ರಲ್ಲೇ ಪಾಲಿಮರ್ ಫ್ರೇಮಿನ ವಿಪಿ70 ತಂದಿತ್ತು. ಆಸ್ಟ್ರಿಯಾ ಸೇನೆ 1982ರಲ್ಲಿ ಅಂಥದ್ದೇ ಫ್ರೇಮಿನ ಗ್ಲಾಕ್ 17 ಆರಿಸಿಕೊಂಡಿತು. ತಯಾರಕರಿಗೆ ಹಣ ನಿಜವಾಗಿ ಉಳಿಯುವುದು ಸಣ್ಣ ಭಾಗಗಳಲ್ಲಿ. ಲೋಹದ ಪುಡಿಯನ್ನು ಅಂಟಿನ ಜೊತೆ ಕಲಸಿ, ಅಚ್ಚಿಗೆ ಒತ್ತಿ, ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಾರೆ. ಇದಕ್ಕೆ ಎಂಐಎಂ (ಮೆಟಲ್ ಇಂಜೆಕ್ಷನ್ ಮೋಲ್ಡಿಂಗ್) ಅಂತ ಹೆಸರು. ಇದಕ್ಕೆ ಕೆಟ್ಟ ಹೆಸರಿದೆ, ಆದರೆ ದೊಡ್ಡ ಕಂಪನಿಗಳೂ ಇದನ್ನೇ ಬಳಸುತ್ತವೆ. ಸರಿಯಾಗಿ ಮಾಡಿದ್ದು ವರ್ಷಗಟ್ಟಲೆ ಬಾಳುತ್ತದೆ. ಒಳಗೆ ಗಾಳಿಗುಳ್ಳೆ ಉಳಿದದ್ದು ಮುರಿಯುತ್ತದೆ. ನಾನು ಎಲ್ಲಕ್ಕಿಂತ ಹೆಚ್ಚು ಗಮನ ಕೊಡುವುದು ಎಕ್ಸ್‌ಟ್ರಾಕ್ಟರಿಗೆ. ಪ್ರತಿ ಗುಂಡಿಗೂ ಏಟು ತಿನ್ನುವ ಭಾಗ ಅದು. ಸತು ಮಿಶ್ರಲೋಹದ ಸ್ಲೈಡ್ ಇದ್ದರೆ ಅದನ್ನು ಈ ದರ್ಜೆಯಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಕೈಯಲ್ಲಿ ಹಿಡಿದು ನೋಡುವಾಗ ಮೊದಲ ಕೆಲಸ ಒಂದೇ. ಮ್ಯಾಗಜೀನ್ ತೆಗೆಯಿರಿ, ಸ್ಲೈಡ್ ಎಳೆಯಿರಿ, ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ. ಆಮೇಲೆ ಮಿಕ್ಕಿದ್ದು. ಸ್ಲೈಡ್ ಫ್ರೇಮಿನ ಮೇಲೆ ಸ್ವಲ್ಪ ಅಲ್ಲಾಡಿದರೆ ಹೆದರಬೇಡಿ, ಆ ಸಡಿಲ ಧೂಳು ಮಸಿಗೆ ಜಾಗ ಕೊಡುತ್ತದೆ. ಬದಲಿಗೆ ಸ್ಲೈಡ್ ಮುಚ್ಚಿದ್ದಾಗ ಬ್ಯಾರೆಲಿನ ಹಿಂಭಾಗವನ್ನು ಮೇಲಿಂದ ಬೆರಳಲ್ಲಿ ಒತ್ತಿ ನೋಡಿ. ಅದು ಕುಸಿಯಬಾರದು. ಗುಂಡು ಜಾರಿ ಒಳಗೆ ಹೋಗುವ ಇಳಿಜಾರು ನಯವಾಗಿರಬೇಕು. ಹೊರಗಿನ ಹೊಳಪು ನೋಡಿ ಮರುಳಾಗುವುದು ಸುಲಭ, ಅಲ್ವಾ? ಆದರೆ ಮಂಕು ಕಪ್ಪು ಬಣ್ಣದ ನೈಟ್ರೈಡ್ ಮೇಲ್ಮೈ ಬಳಿದ ಬಣ್ಣವಲ್ಲ. ಉಕ್ಕಿನ ಮೇಲ್ಪದರವನ್ನೇ ಗಟ್ಟಿ ಮಾಡಿರುತ್ತಾರೆ. ನೋಡಲು ಸಾದಾ, ತುಕ್ಕಿಗೆ ಮಾತ್ರ ಸುಲಭವಾಗಿ ಬಗ್ಗುವುದಿಲ್ಲ.

ಕೈಯಲ್ಲಿ ಹಿಡಿದು ನೋಡಿದರೆ ಗುಣಮಟ್ಟ ತಿಳಿಯುತ್ತದೆ, ಭರವಸೆ ತಿಳಿಯುವುದಿಲ್ಲ. ಅದಕ್ಕೆ ಗುಂಡು ಹಾರಿಸಿ ಎಣಿಸಲೇಬೇಕು. ಅಡಚಣೆ ಬಂದರೆ ಅದರ ರೂಪವೇ ಕಾರಣ ಹೇಳುತ್ತದೆ. ಗುಂಡು ಮೂಗು ತಗ್ಗಿಸಿ ನಿಂತರೆ ಮೊದಲ ಅನುಮಾನ ಮ್ಯಾಗಜೀನಿನ ತುಟಿ (ಗುಂಡನ್ನು ಹಿಡಿದಿಡುವ ಮೇಲಂಚು) ಅಥವಾ ಸ್ಪ್ರಿಂಗ್ ಮೇಲೆ. ಖಾಲಿ ಕೇಸ್ ಚೇಂಬರಿನಲ್ಲೇ ಉಳಿದರೆ ಎಕ್ಸ್‌ಟ್ರಾಕ್ಟರ್ ನೋಡಿ, ಚೇಂಬರ್ ಕೊಳೆಯಾಗಿದೆಯಾ ನೋಡಿ. ಕೇಸ್ ಸ್ಲೈಡ್ ಮತ್ತು ಬ್ಯಾರೆಲಿನ ನಡುವೆ ನೆಟ್ಟಗೆ ಸಿಕ್ಕಿಕೊಂಡರೆ ಗುಂಡಿನ ಮದ್ದು ಕಮ್ಮಿ ಇರಬಹುದು, ಮಣಿಕಟ್ಟು ಸಡಿಲ ಇರಬಹುದು. ಪ್ರೈಮರಿನ (ಮದ್ದಿಗೆ ಕಿಡಿ ಹಚ್ಚುವ, ಕೇಸಿನ ಹಿಂಬದಿಯ ಪುಟ್ಟ ಬಟ್ಟಲು) ಮೇಲೆ ಗುರುತು ತೀರಾ ತೆಳುವಾಗಿದ್ದರೆ ಫೈರಿಂಗ್ ಪಿನ್ನಿನ ಏಟು ಸಾಲುತ್ತಿಲ್ಲ. ಮ್ಯಾಗಜೀನುಗಳಿಗೆ ನಂಬರ್ ಹಾಕಿಡಿ. ಪಿಸ್ತೂಲಿನ ಮೇಲೆ ಹೊರಿಸುವ ಎಷ್ಟೋ ದೂರು ಒಂದೇ ಮ್ಯಾಗಜೀನಿನದ್ದಾಗಿರುತ್ತದೆ.

ಈಗ ಎಣಿಕೆ. ನನಗೆ ಅತಿ ಹೆಚ್ಚು ಉಪಯೋಗವಾದ ಪಾಠ ಇದು. "200 ಗುಂಡು ಹೊಡೆದೆ, ಒಂದೂ ಜಾಮ್ ಇಲ್ಲ" ಅಂತ ಒಬ್ಬರು ಹೇಳಿದರೆ ಅದರಿಂದ ಎಷ್ಟು ತಿಳಿಯಿತು? ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮ ಅಂತ ಒಂದಿದೆ. ಒಂದೂ ಅಡಚಣೆ ಇಲ್ಲದೆ ಎಷ್ಟು ಗುಂಡು ಹಾರಿತೋ ಆ ಸಂಖ್ಯೆಯಿಂದ 3ನ್ನು ಭಾಗಿಸಿ. ನಿಜವಾದ ಅಡಚಣೆಯ ಪ್ರಮಾಣ ಅದಕ್ಕಿಂತ ಜಾಸ್ತಿ ಇಲ್ಲ ಅಂತ ಸುಮಾರು 95 ಶೇಕಡಾ ಧೈರ್ಯದಿಂದ ಹೇಳಬಹುದು. 200 ಗುಂಡಿಗೆ ಇದು ನೂರಕ್ಕೆ ಒಂದೂವರೆ. ಅಂದರೆ 70 ಗುಂಡಿಗೊಮ್ಮೆ ಸಿಕ್ಕಿಕೊಳ್ಳುವ ಪಿಸ್ತೂಲು ಕೂಡ ಅದೃಷ್ಟದಿಂದ 200 ದಾಟಬಹುದು. 1,000 ಗುಂಡು ದಾಟಿದರೆ ಮಿತಿ ಸಾವಿರಕ್ಕೆ ಮೂರಕ್ಕೆ ಇಳಿಯುತ್ತದೆ.

ಈ ಕಣ್ಣಿನಿಂದ ಅಧಿಕೃತ ಪರೀಕ್ಷೆಗಳನ್ನು ನೋಡಿ. ಕ್ಯಾಲಿಫೋರ್ನಿಯಾದ ಕಾನೂನಿನ ಪರೀಕ್ಷೆಯಲ್ಲಿ 600 ಗುಂಡಿಗೆ 6 ಅಡಚಣೆವರೆಗೆ ಮಾಫಿ. ನೂರಕ್ಕೆ ಒಂದು ಆಯಿತು. ಅಮೆರಿಕದ ಸೇನೆ 2017ರಲ್ಲಿ ಸಿಗ್ ಕಂಪನಿಯ ಪಿ320 ಆಧಾರಿತ ಪಿಸ್ತೂಲನ್ನು ಆರಿಸಿದಾಗ ಕೇಳಿದ್ದು ಸರಾಸರಿ 2,000 ಗುಂಡಿಗೆ ಒಂದು ಅಡಚಣೆ. ಜಾಮ್ ಇಲ್ಲದೆ ಅದನ್ನು ಮೂರರ ನಿಯಮದಲ್ಲಿ ತೋರಿಸಲು 6,000 ಗುಂಡು ಬೇಕು. ಅದೇ ಸೇನೆಯ 1911ರ ಮಾರ್ಚ್ ಪರೀಕ್ಷೆಯಲ್ಲಿ ಬ್ರೌನಿಂಗ್ ಪಿಸ್ತೂಲು ಒಂದೂ ತಪ್ಪದೆ ಹಾರಿಸಿದ್ದು ಸರಿಯಾಗಿ 6,000! ಈ ಹೊಂದಾಣಿಕೆ ಕಂಡಾಗ ನನಗೆ ನಿಜಕ್ಕೂ ಖುಷಿಯಾಯಿತು.

ಸಿಗ್ ಪಿಸ್ತೂಲಿನ ಮುಂದಿನ ಪರೀಕ್ಷೆ ಇನ್ನೂ ಚೆನ್ನಾಗಿ ಕಲಿಸುತ್ತದೆ. ಅಮೆರಿಕದ ರಕ್ಷಣಾ ಇಲಾಖೆಯ 2017ರ ವರದಿಯ ಪ್ರಕಾರ, ಚಿಕ್ಕ ಮಾದರಿ ಎಕ್ಸ್‌ಎಂ18 ವಿಶೇಷ ಗುಂಡಿನಲ್ಲಿ ಸರಾಸರಿ 950ಕ್ಕೊಮ್ಮೆ ನಿಂತಿತು. ಸಾದಾ ಬಾಲ್ ಗುಂಡಿನಲ್ಲಿ (ಪೂರ್ತಿ ಲೋಹ ಹೊದಿಸಿದ, ತುದಿ ದುಂಡಗಿರುವ ಗುಂಡು) 197ಕ್ಕೊಮ್ಮೆ. ಪಿಸ್ತೂಲು ಅದೇ, ಗುಂಡು ಮಾತ್ರ ಬೇರೆ. ಆ ಅಡಚಣೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಬಗೆಯವು. ಕೊನೆಯ ಗುಂಡಿನ ನಂತರ ಸ್ಲೈಡ್ ತೆರೆದು ನಿಲ್ಲುತ್ತಿರಲಿಲ್ಲ. ಕಾರಣ, ಹಿಡಿದವರ ಹೆಬ್ಬೆರಳು ಸ್ಲೈಡ್ ಕ್ಯಾಚ್ (ಸ್ಲೈಡನ್ನು ತೆರೆದು ಹಿಡಿಯುವ ಸನ್ನೆ) ಮೇಲೆ ಕೂರುತ್ತಿತ್ತು. ಹಾಗಾಗಿ ಸುಮ್ನೆ "ಈ ಪಿಸ್ತೂಲು ಚೆನ್ನಾಗಿದೆ" ಅನ್ನುವ ಮಾತಿಗೆ ಅರ್ಥ ಕಮ್ಮಿ. ಯಾವ ಗುಂಡಿನಲ್ಲಿ, ಯಾರ ಕೈಯಲ್ಲಿ ಅಂತ ಕೇಳಬೇಕು.

ಕೆಳಗೆ ಬಿದ್ದಾಗಿನ ಸುರಕ್ಷತೆ ಬೇರೆಯೇ ಪರೀಕ್ಷೆ. ಕ್ಯಾಲಿಫೋರ್ನಿಯಾ 1 ಮೀಟರ್ ಮೇಲೆ 1 ಸೆಂಟಿಮೀಟರ್ ಎತ್ತರದಿಂದ ಕಾಂಕ್ರೀಟ್ ಮೇಲೆ ಬೀಳಿಸುತ್ತದೆ. ಪಿ320ರ ನಾಗರಿಕ ಮಾದರಿ ಕೆಲವು ಕೋನಗಳಲ್ಲಿ ಬಿದ್ದರೆ ಗುಂಡು ಹಾರಬಹುದು ಅನ್ನುವ ಕಾರಣಕ್ಕೆ 2017ರ ಆಗಸ್ಟ್‌ನಲ್ಲಿ ಕಂಪನಿಯೇ ಭಾಗ ಬದಲಿಸಿಕೊಡಲು ಮುಂದೆ ಬಂತು. ಸೇನೆಯ ಮುದ್ರೆ ಇದ್ದರೂ ಈ ಪ್ರಶ್ನೆ ಬಿಡಬಾರದು.

ನನ್ನ ಲೆಕ್ಕದ ಪುಸ್ತಕದಲ್ಲಿ ಸಾಲಿಗೆ ಆರು ಕಲಂ ಇವೆ: ದಿನಾಂಕ, ಗುಂಡಿನ ಬಗೆ, ಮ್ಯಾಗಜೀನ್ ನಂಬರ್, ಹಾರಿಸಿದ ಸಂಖ್ಯೆ, ಅಡಚಣೆಯ ರೂಪ, ಹಿಡಿದವರು ಯಾರು. ಮೊದಲ 200 ಗುಂಡನ್ನು ಹೊಸ ಭಾಗಗಳು ಒಗ್ಗಿಕೊಳ್ಳುವ ಕಾಲ ಅಂತ ಬೇರೆ ಬಣ್ಣದಲ್ಲಿ ಬರೆಯುತ್ತೇನೆ. ರಿಕಾಯಿಲ್ ಸ್ಪ್ರಿಂಗ್ ಬದಲಿಸಿದ ದಿನದಿಂದ ಎಣಿಕೆ ಮತ್ತೆ ಸೊನ್ನೆಯಿಂದ ಶುರು.