ಒಳಚರಂಡಿಗೆ ಮಳೆನೀರು, ರಾಜಕಾಲುವೆಗೆ ಕೊಳಚೆ

ಜೋರು ಮಳೆ ಹಿಡಿದ ಸಂಜೆ ಬೆಂಗಳೂರಿನ ತಗ್ಗು ಬಡಾವಣೆಗಳಲ್ಲಿ ಮ್ಯಾನ್‌ಹೋಲ್‌ ಮುಚ್ಚಳದ ಅಂಚಿನಿಂದ ಮೊದಲು ಗುಳ್ಳೆ ಏಳುತ್ತದೆ. ಆಮೇಲೆ ಮುಚ್ಚಳ ಅಲುಗಾಡಿ, ಕಪ್ಪು ನೀರು ಬುಗ್ಗೆಯಂತೆ ರಸ್ತೆಗೆ ಉಕ್ಕುತ್ತದೆ. ಸ್ವಲ್ಪ ಹೊತ್ತಿಗೆ ಅದೇ ನೀರು ನೆಲಮಹಡಿಯ ಬಚ್ಚಲುಮನೆಯ ಜಾಲರಿಯಿಂದ ಒಳಗೆ ನುಗ್ಗುತ್ತದೆ. ಕೊಳವೆ ಚಿಕ್ಕದಾಯಿತು, ದೊಡ್ಡದು ಹಾಕಿ ಎಂದು ಜನ ಕೇಳುತ್ತಾರೆ. ಆದರೆ ಆ ಕೊಳವೆಗೆ ಮಳೆನೀರು ಹೋಗಲೇಬಾರದು. ಅದನ್ನು ಹಾಕಿರುವುದು ಬಚ್ಚಲು, ಅಡುಗೆಮನೆ, ಶೌಚಾಲಯದ ನೀರಿಗೆ ಮಾತ್ರ. ಮಳೆನೀರಿನ ದಾರಿಯೇ ಬೇರೆ: ರಸ್ತೆಬದಿಯ ಮೋರಿ, ಅಲ್ಲಿಂದ ರಾಜಕಾಲುವೆ ಎಂಬ ದೊಡ್ಡ ಮಳೆಗಾಲುವೆ, ಅಲ್ಲಿಂದ ಕೆರೆ.

ಒಂದು ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 30×40 ಅಡಿ ನಿವೇಶನದ ತುಂಬ ಕಟ್ಟಿದ ಮನೆಯ ತಾರಸಿ ಹೆಚ್ಚುಕಡಿಮೆ 100 ಚದರ ಮೀಟರ್. ಗಂಟೆಗೆ 30 ಮಿ.ಮೀ. ಮಳೆ ನಮ್ಮೂರಿಗೆ ಅಪರೂಪವಲ್ಲ. ಅಷ್ಟು ಸುರಿದರೆ ಆ ತಾರಸಿಯಿಂದ ಒಂದೇ ಗಂಟೆಯಲ್ಲಿ 3,000 ಲೀಟರ್ ಇಳಿಯುತ್ತದೆ. ಅದೇ ಮನೆಯಲ್ಲಿ ಐದು ಜನ ತಲಾ 135 ಲೀಟರ್ ಬಳಸಿ, ಅದರ ಶೇ. 80ರಷ್ಟು ಚರಂಡಿಗೆ ಹೋಗುತ್ತದೆ ಎಂದುಕೊಂಡರೆ ದಿನದ ಕೊಳಚೆ 540 ಲೀಟರ್. ಅಂದರೆ ತಾರಸಿ ಪೈಪನ್ನು ಒಳಚರಂಡಿಯ ಚೇಂಬರಿಗೆ ಕೊಟ್ಟ ಒಂದು ಮನೆ, ಒಂದು ಗಂಟೆಯ ಮಳೆಯಲ್ಲಿ, ಐದು ದಿನಕ್ಕೂ ಮೀರಿದ ಹೊರೆಯನ್ನು ಒಳಚರಂಡಿಯ ಮೇಲೆ ಹೇರುತ್ತದೆ. ಬೀದಿಯಲ್ಲಿ ಹತ್ತು ಮನೆ ಹೀಗಿದ್ದರೆ ಸಾಕು.

ನಿಮ್ಮ ಮನೆಯದು ಎಲ್ಲಿಗೆ ಹೋಗುತ್ತದೆಂದು ತಿಳಿಯುವುದು ಸುಲಭ. ಮಳೆ ಇಲ್ಲದ ದಿನ, ಮನೆಯ ನಲ್ಲಿಗಳನ್ನೆಲ್ಲ ನಿಲ್ಲಿಸಿ, ಎರಡು ಬಕೆಟ್ ನೀರಿಗೆ ಒಂದು ಹಿಡಿ ಅರಿಶಿನ ಕದಡಿ ತಾರಸಿಯ ಪೈಪಿಗೆ ಸುರಿಯಿರಿ. ಗೇಟಿನ ಬಳಿಯ ಚೇಂಬರಿನಲ್ಲಿ ಹಳದಿ ನೀರು ಕಂಡರೆ ಜೋಡಣೆ ತಪ್ಪಿದೆ. ಮುಚ್ಚಳ ತೆಗೆದಾಗ ದೂರ ನಿಂತೇ ನೋಡಿ. ಒಳಗೆ ಬಗ್ಗಬೇಡಿ, ವಿಷಾನಿಲ ಇರುತ್ತದೆ.

ಆ ಪೈಪನ್ನು ತಿರುಗಿಸುವುದು ಎಲ್ಲಿಗೆ? ಮೊದಲು ನೆಲದಡಿಯ ನೀರಿನ ತೊಟ್ಟಿಯಾದ ಸಂಪಿಗೆ, ಉಳಿದದ್ದು ಇಂಗುಬಾವಿಗೆ, ಅದೂ ತುಂಬಿದರೆ ಮಾತ್ರ ಮೋರಿಗೆ. ಹೊಸದಾಗಿ ಕಟ್ಟುವ ಮನೆಗಳಿಗೆ 2009ರಿಂದಲೇ ಜಲಮಂಡಳಿ ಮಳೆಕೊಯ್ಲನ್ನು ಕಡ್ಡಾಯ ಮಾಡಿದೆ, 30×40 ನಿವೇಶನವೂ ಅದರಲ್ಲಿ ಸೇರಿದೆ. ಆದರೂ ಹಲವು ಕಡೆ ಕಾಣುವುದು ಜಲ್ಲಿ, ಇದ್ದಿಲು, ಮರಳು ತುಂಬಿದ ಗುಂಡಿ. ಇದರಲ್ಲಿ ಎರಡು ದೋಷ. ಜಲ್ಲಿ ತುಂಬಿದ ಮೇಲೆ ನೀರಿಗೆ ಉಳಿಯುವುದು ಗುಂಡಿಯ ಶೇ. 40ರಷ್ಟು ಜಾಗ. ಜತೆಗೆ ಎರಡು ಮಳೆಗಾಲದಲ್ಲಿ ಮರಳಿನ ಮೇಲೆ ಕೆಸರಿನ ಪದರ ಕೂತು ನೀರು ಇಳಿಯುವುದೇ ನಿಲ್ಲುತ್ತದೆ, ಅಷ್ಟನ್ನೂ ಅಗೆದು ತೆಗೆಯದೆ ಸ್ವಚ್ಛ ಮಾಡಲಾಗದು.

ಅದರ ಬದಲು ಖಾಲಿ ಬಾವಿ ಒಳ್ಳೆಯದು. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ ಇದ್ದರೆ ಸುಮಾರು 4,000 ಲೀಟರ್ ಹಿಡಿಯುತ್ತದೆ, ಮೇಲೆ ಹೇಳಿದ ಒಂದು ಗಂಟೆಯ ಮಳೆ ಪೂರ್ತಿ ಸೇರಿ ಜಾಗ ಉಳಿಯುತ್ತದೆ. ಅಡಿಪಾಯದಿಂದಲೂ ಚೇಂಬರಿನಿಂದಲೂ ಹತ್ತು ಅಡಿ ದೂರವಿರಲಿ. ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ. ಸಂದುಗಳಿಗೆ ಗಾರೆ ಬಳಿಯಬಾರದು, ನೀರು ಹೊರಗೆ ಜಿನುಗಬೇಕಾದ್ದು ಅಲ್ಲಿಂದಲೇ. ರಿಂಗಿಗೂ ಮಣ್ಣಿಗೂ ನಡುವಿನ ಸಂದಿಗೆ 40 ಮಿ.ಮೀ. ಜಲ್ಲಿ, ತಳಕ್ಕೆ ಒಂದಡಿ ಜಲ್ಲಿ. ತಳಕ್ಕೆ ಕಾಂಕ್ರೀಟ್ ಬೇಡ. ಮಕ್ಕಳಿರುವ ಜಾಗ, ಗಟ್ಟಿ ಮುಚ್ಚಳ ಮರೆಯಬೇಡಿ. ಒಳಬರುವ ನೀರಿಗೆ ಮೊದಲು ಒಂದು ಸಣ್ಣ ಹೂಳುತೊಟ್ಟಿ, ಅದಕ್ಕೂ ಮೊದಲು ಎಲೆ ತಡೆಯುವ ಜಾಲರಿ. ಮೊದಲ ಒಂದೆರಡು ಮಿ.ಮೀ. ಮಳೆ, ಅಂದರೆ ಈ ತಾರಸಿಗೆ 100ರಿಂದ 200 ಲೀಟರ್, ಪಾರಿವಾಳದ ಹಿಕ್ಕೆ, ದೂಳು ಎಲ್ಲ ಹೊತ್ತು ತರುತ್ತದೆ. ಅದನ್ನು ಗಿಡಗಳಿಗೆ ಬಿಡಿ. ಕಾರು ತೊಳೆದ ನೀರು, ಎಣ್ಣೆ ಹರಿದ ರಸ್ತೆಯ ನೀರು ಬಾವಿಗೆ ಬರಕೂಡದು, ಒಮ್ಮೆ ಅಂತರ್ಜಲ ಕೆಟ್ಟರೆ ತೊಳೆದು ತೆಗೆಯಲಾಗದು. ಕೆರೆ ಪಕ್ಕದ ಬಡಾವಣೆಗಳಲ್ಲಿ ಮಳೆಗಾಲದ ಜಲಮಟ್ಟ ನಾಲ್ಕೈದು ಅಡಿಯಲ್ಲೇ ಸಿಗುವುದಾದರೆ ಬಾವಿ ಉಪಯೋಗಕ್ಕೆ ಬಾರದು. ಅಲ್ಲಿ ಸಂಪನ್ನೇ ದೊಡ್ಡದು ಮಾಡಬೇಕು.

ಇನ್ನು ತಪ್ಪಿನ ಇನ್ನೊಂದು ಮುಖ. ಮಾರ್ಚ್ ತಿಂಗಳ ಬಿರುಬಿಸಿಲಿನಲ್ಲಿ ರಾಜಕಾಲುವೆಯ ಮೇಲಿನ ಹೆಚ್ಚಿನ ಸೇತುವೆಗಳ ಹತ್ತಿರ ನಿಂತರೆ ಕೆಳಗೆ ಕಪ್ಪು ನೀರು ಹರಿಯುತ್ತಿರುತ್ತದೆ. ಮಳೆಯೇ ಇಲ್ಲದಾಗ ಮಳೆಗಾಲುವೆಯಲ್ಲಿ ಹರಿಯುವುದು ಬಹುಪಾಲು ಕೊಳಚೆ. ಅದರ ಜತೆ ಬರುವ ಹೂಳು ಕಾಲುವೆಯ ತಳ ಏರಿಸುತ್ತದೆ, ಡಿಟರ್ಜೆಂಟ್ ಕೆರೆ ಸೇರುತ್ತದೆ. ಬೆಳ್ಳಂದೂರು ಕೆರೆಯ ಕೋಡಿಯಲ್ಲಿ ನೀರು ಎತ್ತರದಿಂದ ಬಿದ್ದು ಕಡೆದಾಗ ನೊರೆ ಏಳುವುದು ಇದರಿಂದಲೇ. ಮೊದಲ ಜೋರು ಮಳೆಗೆ ತಳದ ಕೆಸರು ಕದಡಿ ನೊರೆ ಇನ್ನೂ ಹೆಚ್ಚುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಹಿಂದೆ ಕೆರೆಯ ನೀರು ತೂಬಿನ ಮೂಲಕ ಅಚ್ಚುಕಟ್ಟಿಗೆ ಹರಿದು, ಬೇಸಿಗೆ ಹೊತ್ತಿಗೆ ಕೆರೆ ತಗ್ಗುತ್ತಿತ್ತು. ಮುಂಗಾರಿನ ನೀರಿಗೆ ಜಾಗ ಸಿದ್ಧವಿರುತ್ತಿತ್ತು. ಈಗ ವರ್ಷವಿಡೀ ಕೊಳಚೆ ಬಂದು ಮೇ ತಿಂಗಳಲ್ಲೂ ಹಲವು ಕೆರೆಗಳು ಅಂಚಿನವರೆಗೆ ತುಂಬಿರುತ್ತವೆ, ತೂಬುಗಳು ಮುಚ್ಚಿಹೋಗಿವೆ. 2024ರ ಜೂನ್ 2ರಂದು ನಗರದಲ್ಲಿ ಒಂದೇ ದಿನ 111 ಮಿ.ಮೀ. ಮಳೆ ಬಿತ್ತು. ತುಂಬಿದ ಕೆರೆಗೆ ಅಂಥ ಮಳೆ ಬಂದರೆ ಎಷ್ಟು ಬಂತೋ ಅಷ್ಟೂ ಕೋಡಿಯಿಂದ ಕೆಳಗಿನ ಬಡಾವಣೆಗೇ.

ನೂರು ಎಕರೆ ಕೆರೆಯನ್ನು ಮುಂಗಾರಿಗೆ ಮೊದಲು ಒಂದೇ ಒಂದಡಿ ತಗ್ಗಿಸಿದರೂ ಸುಮಾರು 12 ಕೋಟಿ ಲೀಟರಿಗೆ ಜಾಗ ಸಿಗುತ್ತದೆ, ಮೇಲಿನ ಲೆಕ್ಕದ 40,000 ತಾರಸಿಗಳ ಒಂದು ಗಂಟೆಯ ಮಳೆ ಅದು. ಅದಕ್ಕೆ ಬೇಕಾದ್ದು ಕೋಡಿಯ ಬಳಿ ಏರಿಸಿ ಇಳಿಸಬಹುದಾದ ಗೇಟು, ಮತ್ತು ಏಪ್ರಿಲ್‌ನಿಂದಲೇ ಅದನ್ನು ತೆರೆಯುವ ಒಬ್ಬ ನೀರುಗಂಟಿ. ನಮ್ಮ ಕೆರೆಗಳು ಸರಪಳಿಯಲ್ಲಿ ಕೂಡಿಕೊಂಡಿರುವುದರಿಂದ ತಗ್ಗಿಸುವ ಕೆಲಸವನ್ನು ಎಲ್ಲಕ್ಕಿಂತ ಕೆಳಗಿನ ಕೆರೆಯಿಂದ ಶುರು ಮಾಡಬೇಕು. ಮೇಲಿನದನ್ನು ಮೊದಲು ತೆರೆದರೆ ಆ ನೀರು ಕೆಳಗಿನ ಕೆರೆಯ ಜಾಗವನ್ನೇ ತಿಂದುಹಾಕುತ್ತದೆ.