ಕೌದಿಗೆ ಹೊಲಿದ ಒಂದು ಫಾರಂ

ದಾವಣಗೆರೆಯಲ್ಲಿ ಚಿತ್ರಕಲೆ ಓದುತ್ತಿರುವ ಪರಿಚಯದ ಹುಡುಗಿಯೊಬ್ಬಳ ಮನೆಗೆ ಹೋಗಿದ್ದೆ. ನಡುಮನೆ ತುಂಬಾ ಕೌದಿ ಹರಡಿತ್ತು. ಹಳೇ ಸೀರೆ, ಪಂಚೆ ತುಂಡುಗಳ ನಡುವೆ ಖಾಲಿ ಮಾತ್ರೆ ಪಟ್ಟಿ, ಕಾಯಿದೆ ಪುಸ್ತಕದ ಜೆರಾಕ್ಸ್, ಒಂದು ಒಣ ಎಕ್ಕದ ಕಡ್ಡಿ. ‘ಬಸಿರು ತೆಗೆಸೋದರ ಚರಿತ್ರೆ ಮಾಡ್ತಿದೀನಿ ಆಂಟಿ’ ಅಂದಳು. ಅವರಜ್ಜಿ ಬಾಗಿಲಲ್ಲೇ ನಿಂತು, ‘ಆ ಕಡ್ಡಿ ಯಾಕವ್ವಾ ಮನೆಯೊಳಗೆ ತಂದೆ’ ಅಂತ ಗೊಣಗಿದರು.

ಅಜ್ಜಿಗೆ ಬೇರೆ ವಿವರಣೆ ಬೇಕಿರಲಿಲ್ಲ. ರಥಸಪ್ತಮಿಗೆ ತಲೆ ಮೇಲೆ ಎಲೆ ಇಟ್ಟು ಸ್ನಾನ ಮಾಡಿಸ್ತೀವಲ್ಲ, ಅದೇ ಎಕ್ಕ. ತಿಂಗಳು ತಪ್ಪಿದ ಹೆಂಗಸರಿಗೆ ಗುಟ್ಟಾಗಿ ಬಳಸುತ್ತಿದ್ದುದೂ ಅದೇ. ಅದರ ಹಾಲು ವಿಷ. ನಂಜೇರಿ ಸತ್ತವರು ಎಷ್ಟೋ ಜನ. ಇಂಥ ಸಾವನ್ನು ಯಾರೂ ಬರೆದಿಡಲಿಲ್ಲ. ಹಾಗಾಗಿ ಈ ಚರಿತ್ರೆಗೆ ಬರೀ ಬಣ್ಣ, ಕುಂಚ ಸಾಲದು ಅನ್ನಿಸುತ್ತೆ. ಅದು ಉಳಿದಿರುವುದೇ ಕಡ್ಡಿ, ಬಟ್ಟೆ, ಕಾಗದಗಳಲ್ಲಿ.

ಕಾಗದದಿಂದಲೇ ನೋಡೋಣ. ಬ್ರಿಟಿಷರು 1860ರಲ್ಲಿ ತಂದ ದಂಡ ಸಂಹಿತೆಯ 312ನೇ ಕಲಂ ಗರ್ಭಪಾತವನ್ನು ಅಪರಾಧ ಮಾಡಿತು. ಮಾಡಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಹೊಟ್ಟೆಯಲ್ಲಿ ಮಗು ಮಿಸುಕಾಡುತ್ತಿದ್ದರೆ ಏಳು ವರ್ಷ. ತಾನೇ ಬಸಿರು ತೆಗೆದುಕೊಂಡ ಹೆಂಗಸಿಗೂ ಅದೇ ಶಿಕ್ಷೆ. ಅವಳ ಜೀವ ಉಳಿಸಲು ಮಾಡಿದರೆ ಮಾತ್ರ ವಿನಾಯಿತಿ. 1930ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಮಾಡಿ ಹೆಸರಾಯಿತು. ದಾವಣಗೆರೆ, ಚಿತ್ರದುರ್ಗ ಎರಡೂ ಆ ಸಂಸ್ಥಾನದಲ್ಲೇ ಇದ್ದವು. ಬಸಿರಾಗದಂತೆ ತಡೆಯೋದು ಸರಿ, ಆದಮೇಲೆ ಬೇಡ ಅನ್ನೋದು ಅಪರಾಧ!

ಕದ್ದುಮುಚ್ಚಿ ಮಾಡಿಸಿಕೊಂಡು ಸಾಯುವವರು ಜಾಸ್ತಿ ಇದ್ದರು. ಇದನ್ನು ಪರಿಶೀಲಿಸಲು 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ನೇಮಕವಾಯಿತು. ಅದರ ವರದಿ ಆಧರಿಸಿ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯಿದೆ ಬಂತು, 1972ರ ಏಪ್ರಿಲ್ 1ರಿಂದ ಜಾರಿಯಾಯಿತು. ಆಗ 12 ವಾರದವರೆಗೆ ಒಬ್ಬ ಡಾಕ್ಟರು ಒಪ್ಪಬೇಕಿತ್ತು, 20 ವಾರದವರೆಗೆ ಇಬ್ಬರು. ಇದನ್ನು ಹೆಣ್ಣಿನ ಹಕ್ಕು ಅಂತ ಹೊಗಳುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ಅದು ಡಾಕ್ಟರಿಗೆ ಕೊಟ್ಟ ರಕ್ಷಣೆ. 312ನೇ ಕಲಂ ಹಾಗೇ ಉಳಿಯಿತು. ಈಗ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಂ ಆಗಿ ಕೂತಿದೆ, ಅಷ್ಟೇ.

ಸ್ಕ್ಯಾನಿಂಗ್ ಸೆಂಟರಿನ ಬೋರ್ಡು ಇನ್ನೊಂದು ಗೊಂದಲ ತಂದಿತು. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯಿದೆ ಬೇರೆಯೇ. ಆದರೆ ಗೋಡೆ ಮೇಲೆ ಕಾಣುವುದು ಅದೊಂದೇ. ಅದನ್ನು ಓದಿ ಗರ್ಭಪಾತವೇ ಕಾನೂನುಬಾಹಿರ ಅಂದುಕೊಂಡವರು ಇಲ್ಲೂ ಬೇಕಾದಷ್ಟು ಜನ.

ಹುಡುಗಿ ಗೋಡೆಗೆ ಪೋರ್ಚುಗಲ್ ಮೂಲದ ಕಲಾವಿದೆ ಪೌಲಾ ರೇಗೊ ಚಿತ್ರದ ಪ್ರಿಂಟ್ ಅಂಟಿಸಿದ್ದಳು. ಆ ದೇಶದಲ್ಲಿ ಗರ್ಭಪಾತಕ್ಕೆ ಕಾನೂನಿನ ಒಪ್ಪಿಗೆ ಕೇಳಿದ 1998ರ ಜನಮತಗಣನೆ ಸೋತಾಗ ಸಿಟ್ಟಿನಿಂದ ಬರೆದ ಸರಣಿ ಅದು. ರಕ್ತ ಇಲ್ಲ. ಹಾಸಿಗೆ, ಬಕೆಟ್, ಹಲ್ಲು ಕಚ್ಚಿಕೊಂಡ ಹುಡುಗಿಯರು. 2007ರಲ್ಲಿ ಮತ್ತೆ ಮತ ಹಾಕಿದಾಗ ಅಲ್ಲಿ ಕಾನೂನು ಬದಲಾಯಿತು.

ಕೌದಿಯಲ್ಲಿ ಮಾತ್ರೆ ಪಟ್ಟಿಗೇ ಹೆಚ್ಚು ಜಾಗ. ಸುಮ್ನೆ ಅಲ್ಲ. 2015ರಲ್ಲಿ ದೇಶದಲ್ಲಿ ಸುಮಾರು 1.56 ಕೋಟಿ ಗರ್ಭಪಾತ ಆದವು, ಮುಕ್ಕಾಲು ಪಾಲು ಆಸ್ಪತ್ರೆಯ ಹೊರಗೆ ಮಾತ್ರೆಯಿಂದ ಅಂತ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಲೆಕ್ಕ ಹಾಕಿತ್ತು.

1971ರ ಕಾಯಿದೆಗೆ 2021ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ‘ಗಂಡ’ ಅನ್ನೋ ಪದ ಹೋಗಿ ‘ಸಂಗಾತಿ’ ಬಂತು. ಕೆಲವರಿಗೆ ಮಿತಿ 24 ವಾರಕ್ಕೆ ಏರಿತು. ಅದು ಮದುವೆಯಾಗದವರಿಗೂ ಅನ್ವಯ ಅಂತ 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿತು.

ಕೌದಿಯ ನಡುವೆ ಇದ್ದದ್ದು ಒಪ್ಪಿಗೆ ಪತ್ರ, ಫಾರಂ ಸಿ. ಹದಿನೆಂಟು ದಾಟಿದವಳಾದರೆ ಅವಳೊಬ್ಬಳ ಸಹಿ ಸಾಕು, ಗಂಡನದು ಬೇಕಿಲ್ಲ. ಆದರೂ ಮೊದಲ ಸಾಲಿನಲ್ಲೇ ‘ಇಂಥವರ ಮಗಳು/ಹೆಂಡತಿ’ ಅಂತ ತುಂಬಬೇಕು. ಆ ಪದಗಳ ಮೇಲೆ ಹುಡುಗಿ ಕೆಂಪು ದಾರದಲ್ಲಿ ಒತ್ತೊತ್ತಾಗಿ ಹೊಲಿಗೆ ಹಾಕಿದ್ದಳು. ಸೂಜಿ ಚುಚ್ಚಿ ಕಾಗದ ಅಲ್ಲಲ್ಲಿ ಹರಿದಿತ್ತು.

ಆ ಫಾರಂ ಕೇಳಲು ಒಂದು ಆಸ್ಪತ್ರೆಗೆ ಹೋಗಿದ್ದಳಂತೆ. ಕೌಂಟರಿನಲ್ಲಿ ಮೊದಲ ಪ್ರಶ್ನೆಯೇ ‘ಮದುವೆ ಆಗೈತೇನಮ್ಮ?’ ವಾಪಸ್ ಬಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದಳು. ಅಂಗಡಿಯವನು ಹಾಳೆ ನೋಡಿದ, ಅವಳ ಮುಖ ನೋಡಿದ, ಹಾಳೆಯನ್ನು ಮಡಚಿ ಕೊಟ್ಟ.